ಹಾಡುವವರ ಬೆನ್ನು ಬಿದ್ದ ಪಿಟೀಲು: ಬ್ಲೂಗ್ರಾಸ್ ಕೂಟದಲ್ಲಿ ಎಡವಟ್ಟಾದದ್ದೆಲ್ಲಿ?

ಪ್ರಶ್ನೆ: ಅಮೆರಿಕದ ವರ್ಜೀನಿಯಾ ರಾಜ್ಯದ ನೈಋತ್ಯ ಭಾಗದ ಗುಡ್ಡಗಾಡಿನಲ್ಲಿ ಎರಡು ವರ್ಷದಿಂದ ಇದ್ದೇನೆ. ಮೈಸೂರಿನಲ್ಲಿ ಹನ್ನೆರಡು ವರ್ಷ ಕರ್ನಾಟಕ ಶೈಲಿಯ ಪಿಟೀಲು ಕಲಿತವನು, ಶ್ರುತಿ ಒಂದೂವರೆ ಮನೆ (ಪಾಶ್ಚಾತ್ಯ ಲೆಕ್ಕದಲ್ಲಿ ಸಿ ಶಾರ್ಪ್). ಹತ್ತಿರದ ಸಣ್ಣ ಊರೊಂದರಲ್ಲಿ ವಾರಕ್ಕೊಂದು ಸಂಜೆ ಜನ ಗಿಟಾರ್, ಬ್ಯಾಂಜೊ, ಮ್ಯಾಂಡೊಲಿನ್ ಹಿಡಿದು ದುಂಡಗೆ ಕೂತು ಬ್ಲೂಗ್ರಾಸ್ ಎಂಬ ಅಮೆರಿಕದ ತಂತಿವಾದ್ಯಗಳ ಸಂಗೀತ ನುಡಿಸುತ್ತಾರೆ. ‘ಯಾರು ಬೇಕಾದರೂ ಬನ್ನಿ’ ಎಂಬ ಬೋರ್ಡು ನೋಡಿ ಹೋದೆ. ಅವರು ಹಾಡಿನ ಶ್ರುತಿ ‘ಜಿ’ ಅಂದರು. ಮೊಬೈಲಿನ ತಂಬೂರಿ ಆ್ಯಪನ್ನು ಜಿಗೆ ತಿರುಗಿಸಿದೆ, ತಂತಿ ಮಾತ್ರ ಒಂದೂವರೆಯಲ್ಲೇ ಇತ್ತು. ಹಾಡುವವರನ್ನು ಅನುಸರಿಸಿ ನುಡಿಸಿದೆ. ಯಾರೂ ಏನೂ ಅನ್ನಲಿಲ್ಲ. ಆದರೆ ಮೂರನೇ ಹಾಡಿಗೆ ಒಬ್ಬೊಬ್ಬರೇ ‘ಕಾಫಿ ತರುತ್ತೇನೆ’ ಎಂದು ಎದ್ದರು, ಅರ್ಧ ಗಂಟೆ ಬಿಟ್ಟು ನೋಡಿದರೆ ಅವರೇ ಹಿಂದಿನ ಕೋಣೆಯಲ್ಲಿ ನುಡಿಸುತ್ತಿದ್ದರು. ಇದು ಮೈಬಣ್ಣದ ಕಾರಣಕ್ಕೋ, ನನ್ನ ವಾದನದ ಕಾರಣಕ್ಕೋ? ಪಿಟೀಲನ್ನು ಅವರ ಶ್ರುತಿಗೆ ಏರಿಸಿದರೆ ಹಾಳಾಗುತ್ತದೆ ಅಂತಾರೆ, ನಿಜವೇ? ಅವರ ಸ್ವರಲಿಪಿ ಓದಲು ಬರಲೇಬೇಕೇ? ಹದಿನಾಲ್ಕರ ಮಗ ಮೃದಂಗ ನುಡಿಸುತ್ತಾನೆ, ಅವನನ್ನೂ ಕರೆದೊಯ್ಯಬಹುದೇ? ನಾವು ಸಸ್ಯಾಹಾರಿಗಳು, ಅಲ್ಲಿ ಊಟವೂ ಇರುತ್ತದೆ.

ಉತ್ತರ: ‘ಹಾಡುವವರನ್ನು ಅನುಸರಿಸಿ ನುಡಿಸಿದೆ’ ಎಂದು ನೀವೇ ಬರೆದಿದ್ದೀರಿ. ಅರ್ಧ ಉತ್ತರ ಅದರಲ್ಲೇ ಇದೆ. ನಮ್ಮ ಕಚೇರಿಯಲ್ಲಿ ಪಿಟೀಲಿನವರ ಕೆಲಸವೇ ಅದು. ಗಾಯಕರ ಸಂಗತಿಯ ಬೆನ್ನಿಗೇ ಹೋಗಬೇಕು, ಅವರು ಉಸಿರು ತೆಗೆದುಕೊಂಡ ಜಾಗವನ್ನು ತುಂಬಬೇಕು, ನೆರಳಿನ ಹಾಗಿರಬೇಕು. ಬ್ಲೂಗ್ರಾಸ್‌ನಲ್ಲಿ ಹಾಗೆ ಮಾಡಿದರೆ ಅದು ಮಾತಾಡುತ್ತಿರುವವರ ಮೇಲೆ ಮಾತಾಡಿದಂತೆ. ಬಾಯಲ್ಲಿ ಸಾಹಿತ್ಯ ಇರುವಷ್ಟು ಹೊತ್ತು ಆ ಧಾಟಿ ಹಾಡುವವರೊಬ್ಬರದು. ಉಳಿದವರೆಲ್ಲ ದನಿ ತಗ್ಗಿಸಿ ಸ್ವರಮೇಳ, ಅಂದರೆ ಕಾರ್ಡ್, ಮತ್ತು ಲಯ ಕೊಡುತ್ತಿರಬೇಕು. ನಿಮ್ಮ ಗುರುಗಳು ಹನ್ನೆರಡು ವರ್ಷ ತಿದ್ದಿ ತೀಡಿ ಕಲಿಸಿದ ಗುಣವೇ ಅಲ್ಲಿ ತಪ್ಪಾಗಿ ಕೇಳಿಸಿದೆ.

ಉಳಿದ ಅರ್ಧ ತಂಬೂರಿ ಆ್ಯಪ್‌ನದು. ನಮ್ಮಲ್ಲಿ ಷಡ್ಜ ಕೂತರೆ ಕಚೇರಿ ಮುಗಿಯುವ ತನಕ ಕೂತಂತೆಯೇ. ಅವರಲ್ಲಿ ಹಾಡಿನ ಷಡ್ಜ ಒಂದೇ ಆದರೂ ಅದರ ಕೆಳಗಿನ ನೆಲ ಸರಿಯುತ್ತಲೇ ಇರುತ್ತದೆ: ಮೊದಲು ಸ-ಗ-ಪ, ಆಮೇಲೆ ಮ-ಧ-ಸ, ಆಮೇಲೆ ಪ-ನಿ-ರಿ, ಮತ್ತೆ ಮನೆಗೆ. ಪ-ನಿ-ರಿ ಮೇಳ ಮೊಳಗುವಾಗ ಮೊಬೈಲು ಸ-ಪ ಎಂದು ಎಳೆಯುತ್ತಿದ್ದರೆ ಕಾಕಲಿ ನಿಷಾದಕ್ಕೂ ಷಡ್ಜಕ್ಕೂ ಅರ್ಧ ಸ್ವರದ ಅಂತರ, ನೇರ ಘರ್ಷಣೆ. ಪ್ರತಿ ಹಾಡಿನಲ್ಲೂ ನಾಲ್ಕಾರು ಸಲ ಹಾಗಾಗುತ್ತದೆ. ನಿಮ್ಮ ಕಿವಿಗೆ ತಂಬೂರಿ ಹಿನ್ನೆಲೆಯಾಗಿ ಒಗ್ಗಿಹೋಗಿದೆ, ಅವರ ಕಿವಿಗೆ ಅದು ಯಾರೋ ತಪ್ಪು ಮೇಳ ಹಿಡಿದು ಬಿಡದೆ ನುಡಿಸುತ್ತಿರುವ ಹಾಗೆ. ತಮಾಷೆಯೆಂದರೆ ಬ್ಯಾಂಜೊಗೂ ಒಂದು ತಂಬೂರಿ ತಂತಿ ಇದೆ: ಕತ್ತಿನ ನಡುವಿನಿಂದ ಹೊರಡುವ ಗಿಡ್ಡ ಐದನೇ ತಂತಿ, ಮೇಲಿನ ಜಿ. ಆದರೆ ಅದು ಮೀಟಿದೊಡನೆ ಕರಗಿಹೋಗುವ ಸದ್ದು, ಆದ್ದರಿಂದ ಕಿವಿ ಅದನ್ನು ಕ್ಷಮಿಸುತ್ತದೆ.

ಇನ್ನು ಬಣ್ಣದ ಮಾತು. ಮೈಬಣ್ಣ ನೋಡಿ ಬಾಗಿಲು ಹಾಕುವವರು ಆ ಕಡೆ ಇಲ್ಲವೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ನೀವು ಹೇಳಿದ ಲಕ್ಷಣಗಳು, ಅಂದರೆ ಮೊದಲ ಹಾಡಿಗೆ ಸುಮ್ಮನಿದ್ದದ್ದು, ಮೂರನೆಯದಕ್ಕೆ ಕಾಫಿ ನೆನಪಾದದ್ದು, ಆಮೇಲೆ ಬೇರೆ ಕೋಣೆಯಲ್ಲಿ ಕೂಟ ಮತ್ತೆ ಸೇರಿದ್ದು, ಇವು ಕೂಟ ಕೆಡಿಸುವವರಿಗೆಲ್ಲ ಸಿಗುವ ಉಪಚಾರ. ಅಲ್ಲೇ ಹುಟ್ಟಿ ಬೆಳೆದ ಬಿಳಿಯ ಗಿಟಾರಿಗನೊಬ್ಬ ತಾಳ ತಪ್ಪಿ ಜೋರಾಗಿ ಬಾರಿಸಿದರೂ ಹೀಗೆಯೇ. ಎದುರಿಗೆ ಹೇಳುವುದು ಒರಟುತನ, ಎದ್ದು ಹೋಗುವುದು ಸಭ್ಯತೆ ಎಂಬುದು ಆ ಗುಡ್ಡದ ಜನರ ರೀತಿ. ಪರೀಕ್ಷೆ ಸುಲಭ. ಆ್ಯಪ್ ಇಲ್ಲದೆ, ಪಿಟೀಲನ್ನು ಪೆಟ್ಟಿಗೆಯಿಂದ ತೆಗೆಯದೆ ಎರಡು ವಾರ ಹೋಗಿ ಕೂತು ಕೇಳಿ. ಮೂರನೇ ವಾರ ಪಿಟೀಲು ತೆಗೆದು ಮೆಲ್ಲಗೆ ನುಡಿಸಿ. ಯಾರಾದರೂ ಕುರ್ಚಿ ಸರಿಸಿ ಜಾಗ ಕೊಟ್ಟರೆ, ನಿಮ್ಮ ಕಡೆ ನೋಡಿ ತಲೆಯಾಡಿಸಿ ಸರದಿ ಕೊಟ್ಟರೆ, ಹಿಂದಿನದು ನುಡಿಸಿದ ರೀತಿಯ ಸಮಸ್ಯೆಯೇ ಆಗಿತ್ತು. ಆಗಲೂ ನಿಮ್ಮನ್ನೊಬ್ಬರನ್ನೇ ಹಾರಿಸಿ ಸರದಿ ಮುಂದೆ ಹೋಗುತ್ತಿದ್ದರೆ ಆ ಕೂಟ ಬಿಡಿ. ಆ ಭಾಗದಲ್ಲಿ ಕೂಟಗಳಿಗೆ ಬರವಿಲ್ಲ.

‘ಇದು ಇನ್ನೂರು ವರ್ಷದ ಬೆಟ್ಟದ ಜಾನಪದ, ಹೊರಗಿನವರಿಗೆ ಒಲಿಯದು’ ಎಂಬ ಮಾತನ್ನು ಎರಡೂ ಕಡೆಯವರು ಹೇಳುವುದುಂಟು. ಸರಿಯಲ್ಲ. ಬ್ಲೂಗ್ರಾಸ್ ರೇಡಿಯೊ ಕಾಲದ ಕೂಸು. ಕೆಂಟಕಿಯ ರೋಸೀನ್ ಎಂಬ ಹಳ್ಳಿಯ ಬಿಲ್ ಮನ್ರೋ 1939ರಲ್ಲಿ ಕಟ್ಟಿದ ‘ಬ್ಲೂ ಗ್ರಾಸ್ ಬಾಯ್ಸ್’ ತಂಡದಿಂದ ಅದಕ್ಕೆ ಆ ಹೆಸರು. 1945ರ ಕೊನೆಗೆ ಅರ್ಲ್ ಸ್ಕ್ರಗ್ಸ್ ಮೂರು ಬೆರಳಿನ ಬ್ಯಾಂಜೊ ವಾದನ ಹಿಡಿದು ತಂಡ ಸೇರಿದ ಮೇಲೆ ಇವತ್ತು ನಾವು ಕೇಳುವ ರೂಪ ಬಂತು. ಬ್ಯಾಂಜೊದ ಮೂಲ ಗುಲಾಮರಾಗಿ ಬಂದ ಆಫ್ರಿಕನ್ನರದು. ಹುಡುಗ ಮನ್ರೋ ಆರ್ನಲ್ಡ್ ಶುಲ್ಟ್ಜ್ ಎಂಬ ಕಪ್ಪು ಗಿಟಾರ್ ವಾದಕನ ಜೊತೆ ಊರ ಕುಣಿತಗಳಿಗೆ ನುಡಿಸುತ್ತಿದ್ದವನು. ಹಲವು ದಿನ ನಡೆಯುವ ಬ್ಲೂಗ್ರಾಸ್ ಉತ್ಸವ ಮೊದಲು ಆದದ್ದು 1965ರಲ್ಲಿ, ನಿಮ್ಮ ಕಡೆಯ ರೋನೋಕ್ ಪಕ್ಕದ ಫಿನ್‌ಕ್ಯಾಸಲ್‌ನ ಒಂದು ಕುದುರೆ ಫಾರಮ್ಮಿನಲ್ಲಿ. ಅಂದರೆ ನಮ್ಮಲ್ಲಿ ಪಿಟೀಲು ಕಚೇರಿ ವೇದಿಕೆ ಏರಿದ್ದೇ ಇದಕ್ಕಿಂತ ಹಳೆಯ ಕಥೆ.

ಈಗ ಒಂದು ಕೂಟದ ಹತ್ತಿರ ಕೂತು ನೋಡೋಣ. ಆರರಿಂದ ಹತ್ತು ಜನ, ಮಡಚುವ ಕುರ್ಚಿ, ಮೈಕಿಲ್ಲ. ಸರದಿ ಬಂದವರು ಹಾಡು ಆರಿಸುತ್ತಾರೆ, ‘ಎ’ ಅಥವಾ ‘ಬಿ’ ಎಂದು ಶ್ರುತಿ ಹೇಳುತ್ತಾರೆ. ಗಿಟಾರಿನವರು, ಬ್ಯಾಂಜೊದವರು ತಂತಿಗಳನ್ನು ಅದುಮುವ ಕೇಪೊ ಕ್ಲಿಪ್ಪನ್ನು ಕತ್ತಿನ ಮೇಲೆ ಸರಿಸಿಕೊಳ್ಳುತ್ತಾರೆ. ಒಬ್ಬರು ಮುನ್ನುಡಿ ನುಡಿಸುತ್ತಾರೆ, ಹಾಡುವವರು ಒಂದು ಚರಣ ಮತ್ತು ಪಲ್ಲವಿ ಹಾಡುತ್ತಾರೆ. ಪಲ್ಲವಿಯ ಕೊನೆಯ ಸಾಲಿನಲ್ಲೇ ಅವರ ಕಣ್ಣು ಯಾರದೋ ಮೇಲೆ ನಿಲ್ಲುತ್ತದೆ. ಅದು ಕರೆ. ಆ ವ್ಯಕ್ತಿ ಒಂದು ಚರಣದಷ್ಟು ಉದ್ದ ಒಂಟಿಯಾಗಿ ನುಡಿಸುತ್ತಾನೆ, ಅದಕ್ಕೆ ಬ್ರೇಕ್ ಎನ್ನುತ್ತಾರೆ. ಸಾಮಾನ್ಯ ವೇಗದಲ್ಲಿ ಇಪ್ಪತ್ತು ಸೆಕೆಂಡು, ಆದಿತಾಳದ ಎಣಿಕೆಯಲ್ಲಿ ನಾಲ್ಕೇ ಆವರ್ತ. ನಮ್ಮ ತನಿ ಆವರ್ತನದಂತೆ ಬೆಳೆಸುವ ಹಾಗಿಲ್ಲ. ಐದನೇ ಆವರ್ತಕ್ಕೆ ಕಾಲಿಟ್ಟರೆ ಹಾಡುವವರು ಬಾಯಿ ತೆರೆದು ಕೂತಿರುತ್ತಾರೆ. ಬೇಡವೆಂದರೆ ಕಣ್ಣು ನಿಮ್ಮ ಮೇಲೆ ಬಿದ್ದ ಕೂಡಲೇ ತಲೆ ಅಡ್ಡ ಆಡಿಸಿದರೆ ಸಾಕು, ಯಾರೂ ತಪ್ಪು ತಿಳಿಯುವುದಿಲ್ಲ. ತಡಮಾಡಿ ಆಡಿಸಿದರೆ ಮಾತ್ರ ಒಂದು ಸಾಲು ಖಾಲಿ ಹೋಗುತ್ತದೆ. ಮುಗಿಸುವ ಗುರುತು ಕಾಲಿನದು: ಹಾಡು ನಡೆಸುವವರು ಒಂದು ಪಾದ ಎತ್ತಿದರೆ ಇದೇ ಕೊನೆಯ ಸುತ್ತು.

ಹಾಡು ನಡೆಯುವಾಗ ನಿಮ್ಮ ಕೈಗೆ ಎರಡೇ ಕೆಲಸ. ಮೇಳದ ಒಂದೋ ಎರಡೋ ಸ್ವರ ಹಿಡಿದು ಉದ್ದ ಕಮಾನಿನಲ್ಲಿ ಮೆತ್ತಗೆ ಎಳೆಯುವುದು ಒಂದು. ಇನ್ನೊಂದು, ಕಮಾನಿನ ಬುಡದಿಂದ ತಂತಿಯನ್ನು ಚಕ್ ಎಂದು ಕಡಿಯುವ ‘ಚಾಪ್’. ಈ ಏಟು ಬೀಳುವುದು ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ. ಒಂದು ಮತ್ತು ಮೂರು ಬೇಸ್ ಎಂಬ ತಗ್ಗು ದನಿಯ ದೊಡ್ಡ ತಂತಿವಾದ್ಯದ ಪಾಲು. ಸಮಕ್ಕೆ ತಟ್ಟಿ ಬೆಳೆದ ಕೈಗೆ ಇದು ಉಲ್ಟಾ. ಮ್ಯಾಂಡೊಲಿನ್‌ನವರು ಆಗಲೇ ಚಾಪ್ ಕೊಡುತ್ತಿದ್ದರೆ ನೀವು ಕೊಡಬೇಡಿ, ಎರಡು ಚಾಪ್ ಕೂದಲೆಳೆಯಷ್ಟು ಹಿಂದುಮುಂದಾದರೂ ಇಡೀ ಲಯ ಒಡೆದು ಕೇಳುತ್ತದೆ. ಇನ್ನೊಬ್ಬ ಪಿಟೀಲಿನವರಿದ್ದರೆ ಒಬ್ಬರು ನುಡಿಸುವಾಗ ಇನ್ನೊಬ್ಬರು ಕಮಾನು ಮಡಿಲಿಗಿಡಬೇಕು. ಎರಡು ಪಿಟೀಲು ಒಟ್ಟಿಗೆ ತೋಚಿದ್ದು ನುಡಿಸಿದರೆ ಬೆಕ್ಕಿನ ಜಗಳ.

ಸ್ವರಲಿಪಿ ಬೇಡವೇ ಬೇಡ. ಕಾಗದ ಎದುರಿಗಿಟ್ಟುಕೊಂಡವರೇ ಕೂಟದಲ್ಲಿ ಹಿಂದೆ ಬೀಳುತ್ತಾರೆ, ಏಕೆಂದರೆ ಎಲ್ಲ ಸೂಚನೆಯೂ ಕಣ್ಣಿನಲ್ಲೇ ನಡೆಯುವುದು. ಬೇಕಾದದ್ದು ಮೂರು ಅಂಕಿ: 1, 4, 5. ಅಂದರೆ ಷಡ್ಜದ, ಮಧ್ಯಮದ, ಪಂಚಮದ ಮೇಲೆ ಕಟ್ಟಿದ ಮೇಳಗಳು. ಗೊತ್ತಿಲ್ಲದವರಿಗೆ ಬೆರಳೆತ್ತಿ ತೋರಿಸುವ ಪುಣ್ಯಾತ್ಮರು ಪ್ರತಿ ಕೂಟದಲ್ಲೂ ಒಬ್ಬರಿರುತ್ತಾರೆ. ಇಲ್ಲದಿದ್ದರೆ ಗಿಟಾರಿನವರ ಎಡಗೈ ನೋಡಿ. ಜಿ, ಸಿ, ಡಿ ಮೂರು ಹಿಡಿತ ಗುರುತಿಸಲು ಒಂದು ಸಂಜೆ ಸಾಕು. ಬ್ರೇಕ್ ಬಂದಾಗ ಮೋಹನ ರಾಗ ನಿಮ್ಮ ಕೈ ಹಿಡಿಯುತ್ತದೆ. 1ರಲ್ಲಿ ಸ, ಗ, ಪ ಮೇಲೆ ನಿಲ್ಲಿ, 4ಕ್ಕೆ ಸರಿದಾಗ ಧ ಅಥವಾ ಸ, 5ರಲ್ಲಿ ಪ ಅಥವಾ ರಿ. ನಿಲ್ಲುವ ಸ್ವರ ಸರಿಯಿದ್ದರೆ ನಡುವಿನ ಓಡಾಟ ಕ್ಷಮ್ಯ. ಗಾಂಧಾರದಲ್ಲಿ ಸಾಧಾರಣದಿಂದ ಅಂತರಕ್ಕೆ ಒಂದೇ ಜಾರು ಕೊಟ್ಟರೆ ಅದು ಅವರ ‘ಬ್ಲೂ ನೋಟ್’, ಮುಖಗಳು ಅರಳುತ್ತವೆ. ಕಂಪಿತ ಹಾಕಿದರೆ ಅಲ್ಲ. ಅಲುಗಾಡುವ ಗಾಂಧಾರ ಮೇಳದ ಗಾಂಧಾರದ ಜೊತೆ ಅಪಶ್ರುತಿಯಾಗಿಯೇ ಕೇಳುತ್ತದೆ. ಕೈಶಿಕಿ ನಿಷಾದ ಬರುವ ಹಾಡು ಬಂದರೆ ಹರಿಕಾಂಭೋಜಿ ನೆನಪಿಸಿಕೊಳ್ಳಿ. ನಿಜವಾದ ಕಷ್ಟ ರಾಗದ್ದಲ್ಲ, ಜಾಗದ್ದು. ಹಾಡಿಗೊಂದು ಷಡ್ಜ: ಜಿ, ಡಿ, ಎ ಆದರೆ ತೆರೆದ ತಂತಿಯಲ್ಲೇ ಸಿಗುತ್ತದೆ, ಬಿ ಆದರೆ ಬೆರಳಿನಡಿ. ದಿನಾ ಅರ್ಧ ಗಂಟೆ, ಮೋಹನದ ಆರೋಹಣ ಅವರೋಹಣವನ್ನು ಐದು ಷಡ್ಜಗಳಿಂದ (ಜಿ, ಎ, ಬಿ, ಸಿ, ಡಿ) ನುಡಿಸಿ. ಎರಡು ತಿಂಗಳಲ್ಲಿ ಕೈ ಹಳಿಗೆ ಬರುತ್ತದೆ. ಬೆರಳಿಗೆ ಎಣ್ಣೆ ಬೇಡ. ಜಾರುವ ಬೆರಳು ಆ ವೇಗದಲ್ಲಿ ಒತ್ತಿದಲ್ಲಿ ನಿಲ್ಲುವುದಿಲ್ಲ.

ಪಿಟೀಲು ಹಾಳಾಗುತ್ತದೆಯೇ ಎಂಬ ಭಯಕ್ಕೆ ಕಾರಣ ಇದೆ, ಆದರೆ ಜನ ಹೇಳುವ ಕಾರಣವಲ್ಲ. ಪಿಟೀಲು ರೂಪುಗೊಂಡಿರುವುದೇ ಜಿ-ಡಿ-ಎ-ಇ ಶ್ರುತಿಯ ಬಿಗಿತಕ್ಕೆ. ನಿಮ್ಮದು ಒಂದೂವರೆ ಮನೆಯ ಸ-ಪ-ಸ-ಪದಲ್ಲಿ ಅದಕ್ಕಿಂತ ಬಹಳ ಸಡಿಲವಾಗಿ ಇದೆ. ಅಲ್ಲಿಂದ ಅವರ ಶ್ರುತಿಗೆ ಕೆಳಗಿನ ಎರಡು ತಂತಿ ಆರಾರು ಸ್ವರಸ್ಥಾನ, ಮೇಲಿನ ಎರಡು ತಂತಿ ಎಂಟೆಂಟು ಸ್ವರಸ್ಥಾನ ಏರಬೇಕು. ತಂತಿಯ ಬಿಗಿತ ಕಂಪನಸಂಖ್ಯೆಯ ವರ್ಗದ ಲೆಕ್ಕದಲ್ಲಿ ಬೆಳೆಯುವುದರಿಂದ ಕೆಳಗಿನವಕ್ಕೆ ಎರಡು ಪಟ್ಟು, ಮೇಲಿನವಕ್ಕೆ ಎರಡೂವರೆ ಪಟ್ಟು ಬಿಗಿತ. ಈಗ ಇರುವುದು ತಗ್ಗಿಸಿ ಕಟ್ಟಿದ ಮಾಮೂಲಿ ತಂತಿಯಾದರೆ ಅದು ತನ್ನ ಸಹಜ ಬಿಗಿತಕ್ಕೆ ಮರಳುತ್ತದೆ ಅಷ್ಟೆ, ಹಳತಾಗಿದ್ದರೆ ತುಂಡಾಗಬಹುದು. ತಗ್ಗು ಶ್ರುತಿಗೆಂದೇ ದಪ್ಪ ತಂತಿ ಹಾಕಿಸಿದ್ದರೆ ಏರಿಸಲೇಬೇಡಿ. ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯ ಮೇಲೆ, ಅದರಿಂದ ಮೇಲುಹಲಗೆಯ ಮೇಲೆ ಬೀಳುವ ಭಾರ ಮಿತಿ ಮೀರುತ್ತದೆ.

ಏರಿಸುವುದಾದರೆ ಹೊಸ ತಂತಿ ತನ್ನಿ. ಅಲ್ಲಿ ಪಿಟೀಲಿಗೆ ಫಿಡಲ್ ಎನ್ನುತ್ತಾರೆ. ಫಿಡಲ್‌ನವರು ಹೆಚ್ಚಾಗಿ ಬಳಸುವುದು ಉಕ್ಕಿನ ತಿರುಳಿನ, ಮಧ್ಯಮ ಬಿಗಿತದ ಸೆಟ್. ನಾಲ್ಕನ್ನೂ ಒಟ್ಟಿಗೆ ಬಿಚ್ಚಬೇಡಿ. ಭಾರ ಪೂರ್ತಿ ಇಳಿದರೆ ಕುದುರೆ ಬೀಳುತ್ತದೆ, ಹೊಟ್ಟೆಯೊಳಗೆ ಅಂಟಿಲ್ಲದೆ ನಿಂತಿರುವ ಸೌಂಡ್‌ಪೋಸ್ಟ್ ಕಡ್ಡಿಯೂ ಉರುಳಬಹುದು, ಅದನ್ನು ಮತ್ತೆ ನಿಲ್ಲಿಸಲು ರಿಪೇರಿ ಅಂಗಡಿಯೇ ಬೇಕು. ಒಂದೊಂದೇ ತಂತಿ ಬದಲಿಸಿ, ಗುರಿಗಿಂತ ಅರ್ಧ ಸ್ವರ ಕೆಳಗೆ ನಿಲ್ಲಿಸಿ ಒಂದು ರಾತ್ರಿ ಬಿಡಿ, ಮರುದಿನ ಪೂರ್ತಿ ಏರಿಸಿ. ಪ್ರತಿ ಸಲ ಬಿರಡೆ ತಿರುಗಿಸಿದಾಗಲೂ ಕುದುರೆಯ ತಲೆ ಮುಂದಕ್ಕೆ, ಅಂದರೆ ಬಿರಡೆಗಳ ಕಡೆಗೆ, ಬಾಗುತ್ತದೆ. ಬಾಲದ ಕಡೆಯ ಅದರ ಮುಖ ಮೇಲುಹಲಗೆಗೆ ನೇರ ಲಂಬವಾಗಿ ನಿಂತಿದೆಯೇ ನೋಡಿ, ಬಾಗಿದ್ದರೆ ಎರಡೂ ಕೈಯ ಬೆರಳುಗಳಿಂದ ಹಿಡಿದು ಕೂದಲೆಳೆಯಷ್ಟೇ ಹಿಂದಕ್ಕೆ ತನ್ನಿ. ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಸಲಹೆ ಬೇರೆ: ಮೈಸೂರಿನ ಪಿಟೀಲನ್ನು ಅದರ ಪಾಡಿಗೆ ಬಿಡಿ. ವಾರಕ್ಕೊಮ್ಮೆ ಎಂಟು ಸ್ವರಸ್ಥಾನ ಏರಿಸಿ ಇಳಿಸುವ ವಾದ್ಯ ಎಲ್ಲಿಯೂ ನಿಲ್ಲುವುದಿಲ್ಲ. ಅಲ್ಲಿನ ವಾದ್ಯದ ಅಂಗಡಿಗಳಲ್ಲಿ ತಿಂಗಳ ಬಾಡಿಗೆಗೆ ಪಿಟೀಲು ಸಿಗುತ್ತದೆ, ಅದನ್ನು ಕೂಟಕ್ಕೆ ಮೀಸಲಿಡಿ. ಪಿಟೀಲಿನ ತುದಿಯ ಸುರುಳಿಗೆ ಸಿಕ್ಕಿಸುವ, ಶ್ರುತಿ ತೋರಿಸುವ ಕ್ಲಿಪ್ ಟ್ಯೂನರ್ ಒಂದು ಕೊಳ್ಳಿ. ಅದಕ್ಕೆ ಸದ್ದಿಲ್ಲ, ಯಾರ ತಕರಾರೂ ಇಲ್ಲ.

ನೆಲದಲ್ಲಿ ಕೂತು ನುಡಿಸಬಹುದೇ ಎಂದು ನೀವು ಕೇಳಿಲ್ಲ, ಆದರೆ ಕೇಳಬೇಕಿತ್ತು. ಎಲ್ಲರೂ ಕುರ್ಚಿಯಲ್ಲಿರುವಾಗ ನೆಲದಿಂದ ಕೈಯೂ ಕಾಣುವುದಿಲ್ಲ, ಕಣ್ಣೂ ಕಾಣುವುದಿಲ್ಲ. ಕುರ್ಚಿಯಲ್ಲೇ ಬಲಗಾಲನ್ನು ಎಡ ಮಂಡಿಯ ಮೇಲೆ ಹಾಕಿ ಪಾದದ ಗಂಟಿಗೆ ಸುರುಳಿ ಊರಬಹುದು. ಪಕ್ಕದಲ್ಲಿ ಒಂದೂವರೆ ಆಳಿನ ಜಾಗ ಬೇಕು. ಗದ್ದಕ್ಕೆ ಕೊಡದಿದ್ದರೆ ನಗುತ್ತಾರೆಂಬ ಅಂಜಿಕೆ ಬೇಡ. ಆ ಗುಡ್ಡಗಳ ಹಳೆಯ ಫಿಡಲ್‌ನವರಲ್ಲಿ ಅನೇಕರು ಎದೆಗೋ ತೋಳಿಗೋ ಒತ್ತಿಕೊಂಡೇ ನುಡಿಸುತ್ತಿದ್ದರು.

ಇನ್ನು ಎಲ್ಲಿಂದ ಶುರುಮಾಡುವುದು. ನಿಮ್ಮಂಥವರಿಗೆ ಮೊದಲ ಮನೆ ಬ್ಲೂಗ್ರಾಸ್ ಕೂಟವೇ ಅಲ್ಲ, ಅದರ ಅಣ್ಣನಂತಿರುವ ‘ಓಲ್ಡ್ ಟೈಮ್’ ಕೂಟ. ಇದು ಬ್ಲೂಗ್ರಾಸ್‌ಗಿಂತ ಹಳೆಯದು, ನೈಋತ್ಯ ವರ್ಜೀನಿಯಾದಲ್ಲಿ ಇದರ ಬೇರು ಆಳ. ಗೇಲಕ್ಸ್ ಊರಿನ ಫಿಡಲ್ ಸ್ಪರ್ಧೆ 1935ರಿಂದ ನಡೆದುಬಂದಿದೆ. ಇಲ್ಲಿ ಸರದಿ ಬ್ರೇಕ್ ಇಲ್ಲ. ಫಿಡಲ್, ಬ್ಯಾಂಜೊ ಎಲ್ಲ ಒಂದೇ ಧಾಟಿಯನ್ನು ಒಟ್ಟಿಗೆ, ಹತ್ತು ಹದಿನೈದು ಸಲ ಸುತ್ತಿ ಸುತ್ತಿ ನುಡಿಸುತ್ತಾರೆ. ನಿಮಗೆ ಗೊತ್ತಿಲ್ಲದ ಧಾಟಿಯೂ ಐದನೇ ಸುತ್ತಿಗೆ ಬೆರಳಿಗೆ ಬಂದಿರುತ್ತದೆ. ಅನುಸರಿಸುವ ಕಿವಿ ಇಲ್ಲಿ ಗುಣವಾಗುತ್ತದೆ. ಇನ್ನೂ ಸೊಗಸಿನ ಸಂಗತಿ: ಅವರು ಫಿಡಲನ್ನು ಆಗಾಗ ಎ-ಇ-ಎ-ಇ ಅಥವಾ ಜಿ-ಡಿ-ಜಿ-ಡಿಗೆ ಕೂಡಿಸುತ್ತಾರೆ. ಅಂದರೆ ಅಪ್ಪಟ ಸ-ಪ-ಸ-ಪ, ಅದಕ್ಕೆ ಅಲ್ಲಿ ಕ್ರಾಸ್ ಟ್ಯೂನಿಂಗ್ ಎಂದು ಹೆಸರು. ಶ್ರುತಿಯನ್ನೂ ಹಾಡಿಗೊಮ್ಮೆ ಬದಲಿಸದೆ ಒಂದೇ ಷಡ್ಜದಲ್ಲಿ ಗಂಟೆಗಟ್ಟಲೆ ಕೂರುವುದುಂಟು. ದೂರದಿಂದಲೇ ಗುರುತಿಸಬೇಕಾದರೆ ಬ್ಯಾಂಜೊ ನೋಡಿ: ಹಿಂಭಾಗ ಮುಚ್ಚಿದ ಭಾರದ ಬ್ಯಾಂಜೊ, ಬೆರಳಿಗೆ ಲೋಹದ ಉಗುರು ಹಾಕಿದ್ದರೆ ಬ್ಲೂಗ್ರಾಸ್, ಹಿಂಭಾಗ ತೆರೆದ ಹಗುರ ಬ್ಯಾಂಜೊವನ್ನು ಬರಿ ಉಗುರಿನಿಂದ ಕೆಳಮುಖವಾಗಿ ಹೊಡೆಯುತ್ತಿದ್ದರೆ ಓಲ್ಡ್ ಟೈಮ್. ಇದರ ಅಪಾಯವೆಂದರೆ ಇಲ್ಲೇ ಹಾಯಾಗಿ ಉಳಿದುಬಿಟ್ಟರೆ ಸರದಿಯ ಶಿಸ್ತು, ಬೇರೆ ಬೇರೆ ಷಡ್ಜದ ಓಡಾಟ ಕೈಗೆ ಬರುವುದೇ ಇಲ್ಲ.

ಎರಡನೇ ದಾರಿ ‘ಸ್ಲೋ ಜಾಮ್’: ಕಲಿಯುವವರಿಗೆಂದೇ ಎರಡು ಮೇಳದ ಹಾಡುಗಳಿಂದ ಶುರುಮಾಡುವ ನಿಧಾನದ ಕೂಟ. ಬ್ಯಾಂಜೊ ವಾದಕ ಪೀಟ್ ವರ್ನಿಕ್ ಇದನ್ನೇ ಒಂದು ಪಾಠಕ್ರಮವಾಗಿ ಬೆಳೆಸಿದ್ದಾರೆ. ನಿಮ್ಮ ಬೆರಳಿಗೆ ಅಲ್ಲಿ ಬೇಸರವಾಗಬಹುದು, ಕಣ್ಣಿಗೆ ಮಾತ್ರ ಅದೇ ಶಾಲೆ. ಮೂರನೆಯದು ಪಿಟೀಲು ಬದಿಗಿಟ್ಟು ಆರು ತಿಂಗಳು ಲಯದ ಗಿಟಾರ್ ಹಿಡಿಯುವುದು. ಮೇಳಗಳ ನಡಿಗೆ ಮೈಗೆ ಹತ್ತಲು ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಐದು ಗಿಟಾರ್ ಇರುವ ಕೂಟಕ್ಕೆ ಆರನೆಯದಾಗಿ ಹೋದರೆ ಸ್ವಾಗತ ತಣ್ಣಗಿರುತ್ತದೆ. ಕೂಟ ಹೇಗಿರುತ್ತದೆಂದು ಸುಮ್ಮನೆ ನೋಡಬೇಕಿದ್ದರೆ ಫ್ಲಾಯ್ಡ್ ಊರಿಗೆ ಒಂದು ಶುಕ್ರವಾರ ಹೋಗಿ. ಅಲ್ಲಿನ ಹಳೆಯ ಅಂಗಡಿ, ಫ್ಲಾಯ್ಡ್ ಕಂಟ್ರಿ ಸ್ಟೋರ್, ಒಳಗೆ ಮೊದಲು ಭಕ್ತಿಗೀತೆ, ಆಮೇಲೆ ಕುಣಿತದ ತಂಡಗಳು. ಬೇಸಿಗೆಯಲ್ಲಿ ಹೊರಗಿನ ಫುಟ್‌ಪಾತಿನ ಮೇಲೂ ಗುಂಪು ಗುಂಪಾಗಿ ನುಡಿಸುವವರಿರುತ್ತಾರೆ. ಹೊರಗಿನ ಗುಂಪಿನ ಹಿಂದೆ ಎರಡು ಹೆಜ್ಜೆ ದೂರ ನಿಂತರೆ ಮೇಲೆ ಹೇಳಿದ ಕಣ್ಣಿನ ಕರೆ, ಕಾಲಿನ ಗುರುತು ಎಲ್ಲ ಕಾಣುತ್ತದೆ.

ಮಗನ ಮೃದಂಗ ಬೇಡ. ಹುಡುಗನಿಗೆ ಬೇಜಾರಾಗುತ್ತದೆ, ಗೊತ್ತು. ಬ್ಲೂಗ್ರಾಸ್ ಕೂಟದಲ್ಲಿ ಚರ್ಮವಾದ್ಯವೇ ಇಲ್ಲ. ಮ್ಯಾಂಡೊಲಿನ್ ಚಾಪ್, ಬೇಸ್, ಗಿಟಾರ್ ಮೂರೂ ಸೇರಿ ಆ ಕೆಲಸ ಹಂಚಿಕೊಂಡಿವೆ. ಮೃದಂಗದ ಒಂದೇ ನಡೆ ಬಂದರೂ ಆ ಹಂಚಿಕೆ ಕುಸಿಯುತ್ತದೆ. ಆದರೆ ಹದಿನಾಲ್ಕರಲ್ಲಿ ಲಯ ಗಟ್ಟಿಯಿರುವ ಹುಡುಗನಿಗೆ ನಿಂತು ನುಡಿಸುವ ದೊಡ್ಡ ಬೇಸನ್ನು ಕೊಟ್ಟು ನೋಡಿ. ಜಿ ಶ್ರುತಿಯ ಹಾಡಿಗೆ ಜಿ, ಸಿ, ಡಿ ಮೂರು ಸ್ವರ ಮತ್ತು ಅವುಗಳ ಪಂಚಮ ಬಂದರೆ ಕೂರಬಹುದು. ಎಷ್ಟೋ ಕೂಟಗಳಲ್ಲಿ ಬೇಸ್ ನುಡಿಸಲು ಜನವಿಲ್ಲದೆ ಪರದಾಡುತ್ತಾರೆ.

ಊಟದ ಮೇಜಿಗೆ ಪ್ರತಿಯೊಬ್ಬರೂ ಒಂದೊಂದು ಪಾತ್ರೆ ತರುವುದು ರೂಢಿ. ನೀವೂ ಒಯ್ಯಿರಿ, ಚಿತ್ರಾನ್ನ ತಣ್ಣಗಿದ್ದರೂ ನಡೆಯುತ್ತದೆ, ಕಡಲೆಬೀಜ ಹಾಕಿದ್ದರೆ ಚೀಟಿ ಬರೆದಿಡಿ, ಅಲರ್ಜಿಯವರಿರುತ್ತಾರೆ. ಹುರುಳಿಕಾಯಿ ಪಲ್ಯವೆಂದು ನಂಬಿ ಬಡಿಸಿಕೊಳ್ಳಬೇಡಿ, ಅಲ್ಲಿ ಅದನ್ನು ಹೆಚ್ಚಾಗಿ ಹಂದಿಮಾಂಸದ ತುಂಡು ಹಾಕಿಯೇ ಬೇಯಿಸುವುದು. ಬೇಯಿಸಿದ ಕಾಳಿಗೂ ಇದೇ ಮಾತು. ಜೋಳದ ಬ್ರೆಡ್ಡಿಗೆ, ಪೈ ಹೊದಿಕೆಗೆ ಹಂದಿಕೊಬ್ಬು ಬಳಸುವವರಿದ್ದಾರೆ. ಕೇಳಿದರೆ ಬೇಸರಿಸದೆ ಹೇಳುತ್ತಾರೆ.

ಹಿಂದಿನ ಕೂಟಕ್ಕೇ ಮರಳುವ ಮನಸ್ಸಿದ್ದರೆ ಕ್ಷಮೆಯ ಭಾಷಣ ಬೇಕಿಲ್ಲ. ಸ್ವಲ್ಪ ಮೊದಲೇ ಹೋಗಿ ಕುರ್ಚಿ ಹಾಕಲು ಕೈಜೋಡಿಸಿ, ಹಾಡು ನಡೆಸುವವರ ಪಕ್ಕ ಕೂತು ‘ನಾನಿನ್ನೂ ಕಲಿಯುತ್ತಿದ್ದೇನೆ, ಜೋರಾದರೆ ಹೇಳಿಬಿಡಿ’ ಎನ್ನಿ. ಆಮೇಲೆ ಮೊದಲ ಎರಡು ಹಾಡಿಗೆ ಕಮಾನು ಮಡಿಲಲ್ಲೇ ಇರಲಿ.